ಯಾರ ಪೈಕಿ ಡಾಟ್ ಕಾಂ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನವರು ತಂತ್ರಜ್ಞಾನ ಸಮ್ಮೇಳನಗಳಿಗೆ ಹೋಗುವುದೇ ಇಲ್ಲ ಎನ್ನುವುದು ತಪ್ಪು. ಸ್ಟಾಲ್‌ಗೆ ಪ್ಲೈವುಡ್ ಹೊಡೆಯಲು ಹೋಗುತ್ತಾರೆ, ಉಂಡ ತಟ್ಟೆ ಎತ್ತಲು ಹೋಗುತ್ತಾರೆ, ಬಾಗಿಲಲ್ಲಿ ಸೆಕ್ಯೂರಿಟಿ ಡ್ರೆಸ್ ತೊಟ್ಟು ನಿಂತು ಒಳಗೆ ಹೋಗುವವರ ಬ್ಯಾಗು ತಡಕಲು ಹೋಗುತ್ತಾರೆ. ಕೊರಳಿಗೆ ಪಟ್ಟಿ ಹಾಕಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದು, ಗುರುತಿಲ್ಲದವರನ್ನು ನೋಡಿ ನಗುವ ಕೆಲಸಕ್ಕೆ ಮಾತ್ರ ಹೋಗುವುದಿಲ್ಲ. ಆ ಕೆಲಸಕ್ಕೆ ನೆಟ್‌ವರ್ಕಿಂಗ್ ಎನ್ನುತ್ತಾರೆ. ನಮ್ಮ ಭಾಗದ ಈ ಕೊರತೆಯನ್ನು ನೀಗಿಸುವ ಏಕೈಕ ಉದ್ದೇಶದಿಂದ, ಕ್ಷೇತ್ರದ ತಜ್ಞನಾಗಿ, ಈ ಲೇಖನ ಬರೆಯುತ್ತಿದ್ದೇನೆ.

ತಜ್ಞ ಎಂದು ಹೇಳಿಕೊಂಡ ಮೇಲೆ ಆಧಾರ ಕೊಡಬೇಕು. ಲಿಂಕ್ಡ್‌ಇನ್ ಖಾತೆ ತೆರೆದಾಗ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಖಾಲಿ ಜಾಗ ಕೊಡುತ್ತಾರೆ. ಅಲ್ಲಿ ಏನು ಬರೆಯುತ್ತೀರೋ ಅದೇ ಆಗುತ್ತೀರಿ. ನಾನು ‘ಗ್ಲೋಬಲ್ ನೆಟ್‌ವರ್ಕಿಂಗ್ ಸ್ಟ್ರಾಟೆಜಿಸ್ಟ್, ಪಟ್ಟನಾಯಕನಹಳ್ಳಿ’ ಎಂದು ಬರೆದೆ. ಆವತ್ತಿನಿಂದ ಆಗಿದ್ದೇನೆ. ಗ್ರಾಮ ಪಂಚಾಯ್ತಿಯಲ್ಲಿ ಒಂದು ವಾಸದ ದೃಢೀಕರಣ ಪತ್ರಕ್ಕೆ ಎಷ್ಟು ಓಡಾಡಬೇಕು ಎಂಬುದನ್ನು ಬಲ್ಲವರಿಗೆ ಈ ವ್ಯವಸ್ಥೆಯ ಔದಾರ್ಯ ಅರ್ಥವಾದೀತು. ತಕರಾರು ಅರ್ಜಿ ಯಾರಿಂದಲೂ ಬರಲಿಲ್ಲ. ಬದಲಿಗೆ ಪುಣೆಯ ಯಾರೋ ಒಬ್ಬ ಅಪರಿಚಿತರು ‘ಕಂಗ್ರಾಟ್ಸ್, ವೆಲ್ ಡಿಸರ್ವ್ಡ್’ ಎಂದು ಬರೆದರು. ಅವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಯಾರೆಂದು ಅವರಿಗೂ ಗೊತ್ತಿರಲಾರದು. ಸಂಬಂಧ ಚೆನ್ನಾಗಿದೆ.

ದೂರ ಎಂಬ ನೆಪವನ್ನಂತೂ ನಮ್ಮವರು ಇನ್ನು ಹೇಳುವ ಹಾಗಿಲ್ಲ. 1997ರಲ್ಲಿ ಕರ್ನಾಟಕ ಸರ್ಕಾರ ದೇಶದಲ್ಲೇ ಮೊದಲ ಐಟಿ ನೀತಿ ಹೊರಡಿಸಿತು. ಮರುವರ್ಷ ‘ಬೆಂಗಳೂರು ಐಟಿ ಡಾಟ್ ಕಾಂ’ ಎಂಬ ಹೆಸರಿನಲ್ಲಿ ಮೇಳ ಶುರುವಾಯಿತು. ಆ ಕಾಲದಲ್ಲಿ ಹೆಸರಿನ ತುದಿಗೆ ಡಾಟ್ ಕಾಂ ಅಂತೊಂದು ಬಾಲ ಇದ್ದರೆ ಸಾಕಿತ್ತು, ಮಿಕ್ಕದ್ದನ್ನು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಬಾಲದ ಬೆಲೆ ಬಿತ್ತು. ಹೆಸರು ಬದಲಾಗುತ್ತಾ 2017ರಿಂದ ಅದು ‘ಬೆಂಗಳೂರು ಟೆಕ್ ಸಮಿಟ್’ ಆಗಿದೆ. 2020ರಲ್ಲಿ ಕೊರೊನಾ ಕಾರಣಕ್ಕೆ ಇಡೀ ಸಮ್ಮೇಳನ ಪರದೆಯ ಮೇಲೆಯೇ ನಡೆಯಿತು; ಪ್ರಧಾನಿಯವರು ಕೂಡ ಪರದೆಯಿಂದಲೇ ಉದ್ಘಾಟಿಸಿದರು. ವರ್ಷಾನುಗಟ್ಟಲೆ ಬೆಂಗಳೂರಿನ ಅರಮನೆ ಆವರಣದಲ್ಲಿ ನಡೆಯುತ್ತಿದ್ದ ಈ ಮೇಳ, 28ನೆಯ ಆವೃತ್ತಿಗೆ, ಅಂದರೆ 2025ರ ನವೆಂಬರ್ 18ರಿಂದ 20ರವರೆಗೆ, ಮಾದಾವರದ ಬಿಐಇಸಿ ವಸ್ತುಪ್ರದರ್ಶನ ಕೇಂದ್ರಕ್ಕೆ ಬಂತು. ತುಮಕೂರು ರಸ್ತೆಗೆ! ಅದಕ್ಕೆ ಒಂದು ವರ್ಷ ಮೊದಲೇ, 2024ರ ನವೆಂಬರ್ 7ರಿಂದ, ನಾಗಸಂದ್ರದಲ್ಲಿ ನಿಂತುಹೋಗಿದ್ದ ಮೆಟ್ರೊ ಕೂಡ ಮಾದಾವರದ ತನಕ ಬಂದಿತ್ತು. ತಂತ್ರಜ್ಞಾನ ಉದ್ಯಮ ನಮ್ಮ ಕಡೆಗೆ ಮುಖ ಮಾಡಿ ಹೊರಟಿದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅರಮನೆಯಿಂದ ಮಾದಾವರಕ್ಕೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರು ಬರಲು ಅದಕ್ಕೆ 28 ಆವೃತ್ತಿ ಹಿಡಿದಿದೆ. ಇದೇ ವೇಗದಲ್ಲಿ ಬಂದರೆ ಇನ್ನು ನೂರೈವತ್ತು ವರ್ಷದೊಳಗೆ ಶಿರಾ ತಲುಪುತ್ತದೆ ಎಂಬುದು ನನ್ನ ಲೆಕ್ಕ. ನಡುವೆ ಉಪಚುನಾವಣೆ ಬಿದ್ದರೆ ಇನ್ನೂ ಬೇಗ. ಮದಲೂರು ಕೆರೆಗೆ ಹೇಮಾವತಿ ಹರಿದದ್ದು 2020ರ ಶಿರಾ ಉಪಚುನಾವಣೆಯ ಬೆನ್ನಿಗೇ ಎಂಬುದನ್ನು ನಾವು ಮರೆಯಬಾರದು.

ಪ್ರಯಾಣದ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ. ಶಿರಾದಲ್ಲಿ ಬೆಂಗಳೂರು ಬಸ್ ಹತ್ತಿ, ಸೀಬಿಯಲ್ಲಿ ನರಸಿಂಹಸ್ವಾಮಿಗೆ ಕೂತಲ್ಲಿಂದಲೇ ಕೈ ಮುಗಿದು, ನೆಲಮಂಗಲ ದಾಟುತ್ತಲೇ ಬಾಗಿಲ ಬಳಿ ಬಂದು ನಿಂತುಕೊಳ್ಳಿ. ಮಾದಾವರದಲ್ಲಿ ಇಳಿಸಿ ಎಂದರೆ ಕಂಡಕ್ಟರ್ ಒಂದು ಮಾತು ಅನ್ನುತ್ತಾರೆ. ಅನ್ನಿಸಿಕೊಳ್ಳಿ. ಮುಂದೆ ಹೂಡಿಕೆದಾರರ ಬಾಯಲ್ಲಿ ಅನ್ನಿಸಿಕೊಳ್ಳುವುದಕ್ಕೆ ಅದು ಒಳ್ಳೆಯ ಅಭ್ಯಾಸ.

ಬಾಗಿಲಲ್ಲಿ ಮೊದಲು ಆಗುವ ಸಂಸ್ಕಾರ ಕೊರಳಪಟ್ಟಿಯದು. ಹೆಸರು, ಸಂಸ್ಥೆ, ಕೆಳಗೊಂದು ಕ್ಯೂಆರ್ ಕೋಡ್. ಪಟ್ಟಿಯ ಬಣ್ಣ ನೋಡಿದರೆ ನೀವು ಎಲ್ಲಿಯತನಕ ಹೋಗಬಹುದು, ಎಲ್ಲಿ ಊಟ ಮಾಡಬಹುದು, ಯಾವ ಕುರ್ಚಿಯಲ್ಲಿ ಕೂರಬಹುದು ಎಲ್ಲವೂ ಗೊತ್ತಾಗುತ್ತದೆ. ನಮ್ಮ ದೊಡ್ಡಪ್ಪ ನನ್ನ ಕೊರಳನ್ನು ನೋಡಿ, ‘ಏನ್ಲಾ ಇದು, ನಿಂಗೂ ಹಾಕಿದ್ರಾ?’ ಎಂದರು. ದೊಡ್ಡಪ್ಪ ದನದ ದಲ್ಲಾಳಿ. ಅವರ ಹಟ್ಟಿಯಲ್ಲಿರುವ ದನಗಳ ಕಿವಿಗೆ ಪಶುಸಂಗೋಪನೆ ಇಲಾಖೆಯವರು 12 ಅಂಕಿಯ ಹಳದಿ ಬಿಲ್ಲೆ ಹೊಡೆದಿದ್ದಾರೆ. ಆ ಅಂಕಿಯಲ್ಲಿ ದನದ ತಳಿ, ವಯಸ್ಸು, ಹಾಕಿಸಿದ ಲಸಿಕೆ ಎಲ್ಲ ದಾಖಲಾಗಿರುತ್ತದೆ. ನನ್ನ ಕ್ಯೂಆರ್ ಕೋಡಿನಲ್ಲಿ ಏನೇನು ದಾಖಲಾಗಿದೆ ಎಂದು ಅವರು ಕೇಳಿದರು. ಹೆಸರು, ಫೋನ್ ನಂಬರು, ಇಮೇಲ್ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. ‘ಹಲ್ಲು ಬರ್ದಿಲ್ವಾ?’ ಎಂದರು.

ದೊಡ್ಡಪ್ಪನನ್ನು ಯಾಕೆ ಕರೆದುಕೊಂಡು ಹೋಗಿದ್ದೆ ಎಂದು ಕೆಲವರು ಕೇಳಬಹುದು. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ, ಘಾಟಿ ಸುಬ್ರಹ್ಮಣ್ಯದ ಜಾತ್ರೆ ಮುಂತಾದ ಪ್ರಮುಖ ಸಮ್ಮೇಳನಗಳಲ್ಲಿ ಅವರಿಗೆ ದೀರ್ಘ ಅನುಭವವಿದೆ. ಅಲ್ಲದೆ ಕರ್ನಾಟಕದ ತಂತ್ರಜ್ಞಾನ ಚರಿತ್ರೆಯಲ್ಲಿ ದನದವರಿಗೆ ಇರುವ ಸ್ಥಾನವನ್ನು ಈಗಿನವರು ಮರೆತಿದ್ದಾರೆ. 1981ರಲ್ಲಿ ಇಸ್ರೊದವರು ‘ಆಪಲ್’ ಉಪಗ್ರಹವನ್ನು ಆಂಟೆನಾ ಪರೀಕ್ಷೆಗೆ ಕೂರಿಸಿದ್ದು ಎತ್ತಿನ ಗಾಡಿಯ ಮೇಲೆ. ಕಬ್ಬಿಣದ ವಾಹನವಾದರೆ ಪರೀಕ್ಷೆಗೆ ಅಡ್ಡಿ ಎಂಬ ಕಾರಣಕ್ಕೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅವರ ಉಪಗ್ರಹ ಸಂಪರ್ಕದ ಸಾಮಾನು ಬಂದದ್ದೂ ಎತ್ತಿನ ಗಾಡಿಯಲ್ಲೇ. ಹೊರದೇಶದ ಕಂಪನಿಯೊಂದು ಬೆಂಗಳೂರಿನ ಕಚೇರಿಯಿಂದ ನೇರವಾಗಿ ಅಮೆರಿಕದ ಜೊತೆ ದತ್ತಾಂಶ ವಿನಿಮಯ ಮಾಡಿಕೊಳ್ಳುವಂತಾದದ್ದು ಆಮೇಲೆ. ಆ ಎತ್ತುಗಳಿಗೆ ಷೇರು ಕೊಟ್ಟಿದ್ದರೆ ಇವತ್ತು ಅವುಗಳ ಮೊಮ್ಮಕ್ಕಳು ಹೂಡಿಕೆದಾರರಾಗಿ ವೇದಿಕೆ ಮೇಲೆ ಕೂರುತ್ತಿದ್ದವು. ಯಾವ ಸಮ್ಮೇಳನದಲ್ಲೂ ಅವಕ್ಕೊಂದು ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ದನ ಕೊಳ್ಳುವವನು ಮಾತು ನಂಬುವುದಿಲ್ಲ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು. ಅಷ್ಟರ ಮೇಲೆ ಬೆಲೆ. ಸ್ಟಾರ್ಟ್‌ಅಪ್ ಲೋಕದಲ್ಲೂ ಇದೇ ಪದ್ಧತಿ ಚಾಲ್ತಿಯಲ್ಲಿದೆ: ಪ್ರೀ-ಸೀಡ್, ಸೀಡ್, ಸೀರೀಸ್ ಎ, ಸೀರೀಸ್ ಬಿ, ಕೊನೆಗೆ ಐಪಿಒ. ವ್ಯತ್ಯಾಸವೆಂದರೆ ಇಲ್ಲಿ ಬಾಯಿ ಬಿಡುವವರು ತಾವೇ ಬಿಡುತ್ತಾರೆ, ಮುಚ್ಚಿಸುವುದು ಕಷ್ಟ. ಸ್ಟಾಲ್ ಒಂದರಲ್ಲಿ ನಿಂತಿದ್ದ ಯುವಕನೊಬ್ಬ ರೈತರನ್ನೂ ವರ್ತಕರನ್ನೂ ಜೋಡಿಸುವ ತನ್ನ ಆ್ಯಪ್ ಬಗ್ಗೆ ವಿವರಿಸುತ್ತಿದ್ದ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, ‘ಎಷ್ಟಲ್ಲು?’ ಎಂದರು.

‘ಸರ್?’

‘ಯಾವ ರೌಂಡು ಅಂತ ಕೇಳ್ತಿದ್ದಾರೆ’ ಎಂದು ನಾನು ಅನುವಾದಿಸಿದೆ.

‘ಸೀರೀಸ್ ಎ ಆಗಿದೆ ಸರ್.’

‘ನಾಲ್ಕಲ್ಲು ಅನ್ನು. ದಿನಕ್ಕೆ ಎಷ್ಟು ಉಳ್ತೈತೆ?’

ಯುವಕ ಸ್ವಲ್ಪ ಯೋಚಿಸಿ, ಆದಾಯ ಇನ್ನೂ ಶುರುವಾಗಿಲ್ಲ, ಸದ್ಯಕ್ಕೆ ತಿಂಗಳಿಗೆ ಇಷ್ಟು ಎಂದು ಹಣ ಬರ್ನ್ ಆಗುತ್ತಿದೆ, ಅದು ಈ ಹಂತದಲ್ಲಿ ಸಹಜ ಎಂದ.

‘ಅಂದ್ರೆ ಮೇವು ತಿಂತೈತೆ, ಇನ್ನೂ ನೊಗ ಹೊತ್ತಿಲ್ಲ’ ಎಂದರು ದೊಡ್ಡಪ್ಪ. ಅವರ ದನಿಯಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ. ಅಂಥ ಹೋರಿಗಳನ್ನು ಅವರೂ ಮಾರಿದ್ದಾರೆ. ಕೊಂಬಿಗೆ ಎಣ್ಣೆ ಹಚ್ಚಿ, ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿ, ಸಾಯಂಕಾಲದ ಬೆಳಕಿನಲ್ಲಿ ನಿಲ್ಲಿಸಿದರೆ ಕೊಳ್ಳುವವರು ಇದ್ದೇ ಇರುತ್ತಾರೆ ಎಂದು ಆಮೇಲೆ ನನಗೆ ಹೇಳಿದರು.

ಬೆಲೆ ಕಟ್ಟುವ ಕಲೆಯ ಬಗ್ಗೆ ನಮ್ಮ ಸೀಮೆಯವರು ಕೀಳರಿಮೆ ಪಡಬೇಕಾದ್ದಿಲ್ಲ. 1687ರಲ್ಲಿ ಮೊಘಲ ಸರದಾರ ಕಾಸಿಂ ಖಾನನ ಕೈಗೆ ಬೆಂಗಳೂರೂ ಬಂತು, ಶಿರಾವೂ ಬಂತು. ಎರಡನ್ನೂ ನೋಡಿದ. ಬೆಂಗಳೂರನ್ನು 3 ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟು ಕೈ ತೊಳೆದುಕೊಂಡ. ಶಿರಾವನ್ನು ಇಟ್ಟುಕೊಂಡು ಸುಬಾದ ಕೇಂದ್ರ ಮಾಡಿಕೊಂಡ. ಬೆಂಗಳೂರಿನಿಂದ ಸಕಾಲದಲ್ಲಿ ಹೊರಬಂದ ಮೊದಲ ಹೂಡಿಕೆದಾರ ಅವನೇ. ಸಮ್ಮೇಳನದಲ್ಲಿ ಯಾರಾದರೂ ‘ಶಿರಾ? ಅದು ಎಲ್ಲಿ ಬರುತ್ತೆ?’ ಎಂದು ಕೇಳಿದರೆ ಇದನ್ನು ಹೇಳಿ. ಮೂವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಬೇಕು. ಅದಕ್ಕಿಂತ ಹೆಚ್ಚು ಹೊತ್ತು ಯಾರೂ ನಿಮ್ಮ ಮುಖ ನೋಡುವುದಿಲ್ಲ.

ಇನ್ನು ಮಾತುಕತೆಯ ಗೋಪ್ಯತೆ. ಜಾತ್ರೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಒತ್ತಿ ಮಾತಾಡುತ್ತಾರೆ. ಸುತ್ತ ಐವತ್ತು ಜನ ನಿಂತಿದ್ದರೂ ಅಂಕಿ ಇಬ್ಬರಿಗೇ ಗೊತ್ತು. ಟೆಕ್ ಸಮ್ಮೇಳನದಲ್ಲಿ ಇದನ್ನೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂದು ವಿವರಿಸಲು ಸ್ಲೈಡು ಹಾಕಿ ಮುಕ್ಕಾಲು ಗಂಟೆ ತೆಗೆದುಕೊಂಡರು. ಪ್ರಶ್ನೋತ್ತರದ ವೇಳೆ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. ಅದನ್ನು ಪ್ರಶ್ನೆ ಎಂದು ಭಾವಿಸಿದ ನಿರೂಪಕಿ ಮೈಕ್ ಕಳಿಸಿದರು. ಅವರು ಮೈಕ್ ಹಿಡಿದು, ‘ಊಟ ಎಷ್ಟೊತ್ಗೆ?’ ಎಂದು ಕೇಳಿದರು. ಇಡೀ ಗೋಷ್ಠಿಯಲ್ಲಿ ಸ್ಪಷ್ಟ ಉತ್ತರ ಸಿಕ್ಕ ಪ್ರಶ್ನೆ ಅದೊಂದೇ.

ಈಗ ಶಾಸ್ತ್ರದ ತಿರುಳಿಗೆ ಬರೋಣ. ನೆಟ್‌ವರ್ಕಿಂಗ್ ಎಂದರೆ ಎದುರಿಗಿರುವವನು ಯಾರ ಕಡೆಯವನು ಎಂದು ಪತ್ತೆ ಹಚ್ಚುವುದು. ನಮ್ಮ ಕಡೆ ಇದಕ್ಕೆ ಮೂರು ಪ್ರಶ್ನೆಗಳಿವೆ: ಯಾವೂರು? ಯಾರ ಮಗ? ಯಾರ ಪೈಕಿ? ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲೇ ಆಗಲಿ, ಹೊಸ ಮುಖ ಕಂಡರೆ ಈ ಮೂರು ಪ್ರಶ್ನೆ ಇದೇ ಅನುಕ್ರಮದಲ್ಲಿ ಬರುತ್ತವೆ. ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ, ಕೇಳುವುದು ಅಸಭ್ಯ. ಮೊದಲ ಮೂರರಲ್ಲೇ ಅದಕ್ಕೆ ಉತ್ತರ ಸಿಕ್ಕಿಬಿಟ್ಟಿರುತ್ತದೆ. ಉತ್ತರ ಸಿಕ್ಕ ಮೇಲೆ ಕುರ್ಚಿ ಕೊಡಬೇಕೋ, ಜಗಲಿ ತೋರಿಸಬೇಕೋ, ನಿಂತೇ ಮಾತಾಡಿಸಿ ಕಳಿಸಬೇಕೋ ಎಂಬುದು ತಾನಾಗಿ ನಿರ್ಧಾರವಾಗುತ್ತದೆ. ಸಾವಿರಾರು ವರ್ಷಗಳ ಬಳಕೆಯಲ್ಲಿ ಪಳಗಿದ ತಂತ್ರಾಂಶ ಇದು. ಎಂದೂ ಹ್ಯಾಂಗ್ ಆಗಿದ್ದಿಲ್ಲ, ಎಷ್ಟೋ ಮಹನೀಯರು ತೆಗೆದುಹಾಕಲು ನೋಡಿದರೂ ಅನ್‌ಇನ್‌ಸ್ಟಾಲ್ ಆಗಿದ್ದೂ ಇಲ್ಲ.

ದೊಡ್ಡಪ್ಪ ಆ ಆ್ಯಪ್ ಹುಡುಗನ ಮೇಲೆ ಇದನ್ನು ಪ್ರಯೋಗಿಸಿದ ರೀತಿಯನ್ನು ನಾನು ಪಕ್ಕದಲ್ಲೇ ನಿಂತು ಅಧ್ಯಯನ ಮಾಡಿದೆ. ‘ಯಾವೂರಾಯ್ತು ತಮ್ದು?’ ಎಂದರು. ಬೆಂಗಳೂರು ಎಂದ. ‘ಬೆಂಗ್ಳೂರು ಎಲ್ಲಾರ್ದೂವೆ. ಮೂಲ?’ ಎಂದರು. ಅಪ್ಪ-ಅಮ್ಮ ತಿಪಟೂರು ಕಡೆಯವರು ಎಂದ. ‘ತಿಪಟೂರಾಗೆ ಯಾರ ಪೈಕಿ?’ ಹುಡುಗ ತಾತನ ಹೆಸರು ಹೇಳಿದ. ದೊಡ್ಡಪ್ಪ ಕಣ್ಣು ಮುಚ್ಚಿ ಎರಡು ಗಳಿಗೆ ಸುಮ್ಮನಿದ್ದರು. ಆಮೇಲೆ, ಆ ಹುಡುಗನ ಸೋದರತ್ತೆಯನ್ನು ಕೊಟ್ಟಿರುವ ಮನೆಯಿಂದ ತಾವು ಒಂದು ಜೊತೆ ಹಳ್ಳಿಕಾರ್ ಎತ್ತು ಹೊಡೆದುಕೊಂಡು ಬಂದದ್ದನ್ನೂ, ಅದರಲ್ಲಿ ಎಡದ ಎತ್ತು ಹಾಯುತ್ತಿದ್ದುದನ್ನೂ ಹೇಳಿದರು. ಹುಡುಗ ಬೆವೆತ. ಇದೇ ಹೊತ್ತಿಗೆ ಅವನೂ ನಾನೂ ಲಿಂಕ್ಡ್‌ಇನ್‌ನಲ್ಲಿ ಒಬ್ಬರನ್ನೊಬ್ಬರು ಸ್ಕ್ಯಾನ್ ಮಾಡಿಕೊಂಡಿದ್ದೆವು. ನಮ್ಮಿಬ್ಬರ ನಡುವೆ ಪರಸ್ಪರ ಪರಿಚಿತರು ಯಾರೂ ಇಲ್ಲ ಎಂದು ಅದು ತೋರಿಸುತ್ತಿತ್ತು.

ಸಮ್ಮೇಳನದವರಿಗೂ ತಮ್ಮದೇ ಮೂರು ಪ್ರಶ್ನೆಗಳಿವೆ. ಯಾವ ಕಾಲೇಜು? ಯಾವ ಬ್ಯಾಚು? ಮೊದಲು ಯಾವ ಕಂಪನಿಯಲ್ಲಿದ್ದಿರಿ? ಅವರೂ ನಾಲ್ಕನೆಯದನ್ನು ಕೇಳುವುದಿಲ್ಲ. ಶಿರಾದ ಸರ್ಕಾರಿ ಕಾಲೇಜು ಎಂದು ನಾನು ಹೇಳಿದಾಗ ಎದುರಿಗಿದ್ದವರ ಮುಖದಲ್ಲಿ ನಗು ಹಾಗೆಯೇ ಇತ್ತು. ಕಣ್ಣು ಮಾತ್ರ ನನ್ನ ಭುಜದ ಮೇಲಿಂದ ಹಾದು ಹಿಂದೆ ಯಾರಿದ್ದಾರೆ ಎಂದು ಹುಡುಕಿತು. ನೋಟ ಭುಜ ದಾಟುವುದನ್ನು ನಮ್ಮವರು ಅವಮಾನ ಎಂದು ತಿಳಿಯಬಾರದು. ಜಗಲಿ ತೋರಿಸುವುದಕ್ಕೆ ಅಲ್ಲಿ ಜಗಲಿ ಇಲ್ಲ, ಅದಕ್ಕೇ ಹಾಗೆ ಮಾಡುತ್ತಾರೆ. ಐಐಟಿಯವನೊಬ್ಬ ಇನ್ನೊಬ್ಬ ಐಐಟಿಯವನನ್ನು ಕಂಡಾಗ ಆಗುವ ಸಂಭ್ರಮವನ್ನು ನೋಡಿದರೆ ಬೀಗರನ್ನು ಎದುರುಗೊಳ್ಳುವ ನಮ್ಮ ಪದ್ಧತಿ ಎಷ್ಟು ನೀರಸ ಅನ್ನಿಸುತ್ತದೆ. ಹೊಸ ಜಗತ್ತಿನ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಅಲ್ಲಿ ದೊಡ್ಡ ಪರದೆಯ ಮೇಲೆ ಬರೆದಿದ್ದರು. ಬಾಗಿಲೇನೋ ತೆರೆದೇ ಇತ್ತು. ಒಳಗೆ ಹೋದ ಮೇಲೆ ಯಾರ ಪೈಕಿ ಎನ್ನುತ್ತಿದ್ದರು, ಅಷ್ಟೆ.

ಇಲ್ಲಿ ಅಂತರರಾಷ್ಟ್ರೀಯ ವಿದ್ವಾಂಸರನ್ನು ಉಲ್ಲೇಖಿಸದಿದ್ದರೆ ಲೇಖನಕ್ಕೆ ತೂಕ ಬರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಬೋಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಗಿಟ್ಟಿಸಿದವರನ್ನು ಹಿಡಿದು, ನಿಮಗೆ ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಆಗಾಗ ಎಂದವರು ಶೇ 16.7. ಯಾವಾಗಲಾದರೊಮ್ಮೆ ಎಂದವರು ಶೇ 55.6. ಭೇಟಿಯೇ ಇಲ್ಲ ಅನ್ನುವಷ್ಟು ಕಡಿಮೆ ಎಂದವರು ಶೇ 27.8. ಅಂದರೆ ಕೆಲಸ ಕೊಡಿಸುವವರು ಹತ್ತಿರದವರಲ್ಲ, ದೂರದವರು. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನವೂ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿ, ತೀರಾ ಹತ್ತಿರವೂ ಅಲ್ಲದ ತೀರಾ ದೂರವೂ ಅಲ್ಲದ ಪರಿಚಯವೇ ಕೆಲಸಕ್ಕೆ ಬರುವುದು ಎಂದಿತು.

ಪಟ್ಟನಾಯಕನಹಳ್ಳಿಯ ಆರ್ಥಿಕ ಸಮಸ್ಯೆಯ ಮೂಲ ಇಲ್ಲಿದೆ ಎಂಬುದು ನನ್ನ ಸಂಶೋಧನೆ. ನಮ್ಮಲ್ಲಿ ದೂರದವರೇ ಇಲ್ಲ. ಗುರುಗುಂಡ ಬ್ರಹ್ಮೇಶ್ವರ ಮಠದ ಜಾತ್ರೆಗೆ ಬಂದವರಲ್ಲಿ ಯಾರನ್ನೇ ನಿಲ್ಲಿಸಿ ವಿಚಾರಿಸಿದರೂ ಒಂದು ಕಡೆಯಿಂದ ಮಾವ, ಇನ್ನೊಂದು ಕಡೆಯಿಂದ ಅಣ್ಣ ಆಗುತ್ತಾರೆ. ಆದ್ದರಿಂದ ಕೆಲಸ ಬೇಕಾದಾಗ ಸಹಾಯಕ್ಕೆ ಬರುವಷ್ಟು ಅಪರಿಚಿತರು ನಮಗೆ ಸಿಗುವುದಿಲ್ಲ. ರಾಬಿನ್ ಡನ್ಬಾರ್ ಎಂಬ ಇನ್ನೊಬ್ಬ ವಿದ್ವಾಂಸರು ಮನುಷ್ಯನ ಮಿದುಳು 150 ಜನರ ಸಂಬಂಧವನ್ನಷ್ಟೇ ನಿಭಾಯಿಸಬಲ್ಲದು ಎಂದಿದ್ದಾರೆ. ಅವರು ನಮ್ಮ ಕಡೆಯ ಲಗ್ನಪತ್ರಿಕೆ ನೋಡಿಲ್ಲ. ‘ಸುಖಾಗಮನ ಬಯಸುವವರು’ ಎಂಬಲ್ಲಿಗೇ ಆ ಸಂಖ್ಯೆ ಮುಗಿಯುತ್ತದೆ, ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ಮೂರು ತಲೆಮಾರು ಮಾತು ಬಿಡುತ್ತಾರೆ. ಲಿಂಕ್ಡ್‌ಇನ್‌ನಲ್ಲಿ 30,000 ಸಂಪರ್ಕಗಳ ತನಕ ಇಟ್ಟುಕೊಳ್ಳಬಹುದು. ಯಾರನ್ನು ಕೈಬಿಟ್ಟರೂ ಅವರಿಗೆ ತಿಳಿಯುವುದೂ ಇಲ್ಲ. ಇದು ದೊಡ್ಡ ನೆಮ್ಮದಿ.

ಸಾಮಾಜಿಕ ಜಾಲತಾಣದ ಶಿಷ್ಟಾಚಾರ ನಮ್ಮವರಿಗೆ ಹೊಸದೇನಲ್ಲ, ಅದು ಮುಯ್ಯಿ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೇ ಅಥವಾ ಐವತ್ತೊಂದು ಹೆಚ್ಚು ಮಾಡುವುದು ರೂಢಿ. ಲೈಕ್ ಒತ್ತಿದವರಿಗೆ ಲೈಕ್, ಕಾಮೆಂಟ್ ಹಾಕಿದವರಿಗೆ ಕಾಮೆಂಟ್. ‘ನಾಯಕತ್ವ’ದಲ್ಲಿ ನಿಮ್ಮನ್ನು ನಿಪುಣರೆಂದು ಅನುಮೋದಿಸಿದವರನ್ನು ನೀವು ‘ಕಾರ್ಯತಂತ್ರ’ದಲ್ಲಿ ನಿಪುಣರೆಂದು ಅನುಮೋದಿಸಬೇಕು. ಮುಯ್ಯಿ ಪುಸ್ತಕ ಮಾತ್ರ ಕಂಪನಿಯವರ ಹತ್ತಿರ ಇರುತ್ತದೆ, ಅವರು ಅದನ್ನು ಜಾಹೀರಾತಿನವರಿಗೆ ತೋರಿಸಿ ಬದುಕುತ್ತಾರೆ. ಮೈಕ್ರೋಸಾಫ್ಟ್ 2016ರಲ್ಲಿ ಈ ಪುಸ್ತಕವನ್ನು 2,620 ಕೋಟಿ ಡಾಲರಿಗೆ ಕೊಂಡಿತು. ನಮ್ಮಜ್ಜಿಯ ಟ್ರಂಕಿನಲ್ಲಿ ಅಂಥವು ಎಷ್ಟೋ ಇದ್ದವು, ಒಲೆಗೆ ಹಾಕಿಬಿಟ್ಟೆವು.

ಪೋಸ್ಟ್ ಬರೆಯುವ ವಿಧಾನದಲ್ಲಿ ತರಬೇತಿ ಬೇಕು. ಮೊದಲು ಒಂದು ಸೋಲು. ಆಮೇಲೆ ಒಂದು ಸಾಲು ಬಿಟ್ಟು ಒಂದು ಸಾಲು. ಕೊನೆಗೆ ಪಾಠ. ‘ಎಂಟುನೂರು ಅಡಿ ಕೊರೆಸಿದೆ. ನೀರು ಬೀಳಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆದರೆ ಬೋರ್‌ವೆಲ್ ನನಗೆ ನಾಯಕತ್ವದ ಬಗ್ಗೆ ಐದು ಪಾಠ ಕಲಿಸಿತು.’ ಇದನ್ನು ನಾನು ಮಾದರಿಗೆಂದು ಹಾಕಿದೆ. ಬಂದ ಕಾಮೆಂಟುಗಳಲ್ಲಿ ‘ಇನ್‌ಸ್ಪೈರಿಂಗ್’ ಎಂಬುದೇ ಹೆಚ್ಚು. ಬೋರ್‌ವೆಲ್ ಏಜೆಂಟರೊಬ್ಬರು ಮಾತ್ರ, ‘ಅಣ್ಣ, ಲಾರಿ ಬಾಡಿಗೆ ಬಾಕಿ ಐತೆ’ ಎಂದು ಹಾಕಿದ್ದರು. ಅದನ್ನು ಅಳಿಸಬೇಕಾಯಿತು.

ಸೋಲಿನ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಬೇಗ ಸೋಲಿ, ಮತ್ತೆ ಮತ್ತೆ ಸೋಲಿ ಎಂಬುದು ಸ್ಟಾರ್ಟ್‌ಅಪ್ ಲೋಕದ ವೇದವಾಕ್ಯ. ವೇದಿಕೆ ಮೇಲೆ ಕೂತ ಪ್ರತಿಯೊಬ್ಬರೂ ತಾವು ಎಷ್ಟು ಕಂಪನಿ ಮುಳುಗಿಸಿದೆವು ಎಂದು ಹೆಮ್ಮೆಯಿಂದ ಹೇಳಿಕೊಂಡರು, ಚಪ್ಪಾಳೆ ಬಿತ್ತು. ಈ ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕಿಗೆ ಇರುವ ಹಿರಿತನವನ್ನು ಯಾರೂ ಬಳಸಿಕೊಂಡಿಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ರೈತ ತಪ್ಪದೆ ಸೋಲುತ್ತಾನೆ, ಸೋತ ಮರುವರ್ಷ ಬೀಜ ಸಾಲ ತಂದು ಮತ್ತೆ ಬಿತ್ತುತ್ತಾನೆ. ಪಾವಗಡದ ಹೆಸರಿಲ್ಲದ ಬರದ ಪಟ್ಟಿ ಸಿಗುವುದು ಕಷ್ಟ. ಇಷ್ಟು ಅನುಭವವಿದ್ದೂ ನಮ್ಮ ಕಡೆಯ ಒಬ್ಬ ರೈತನನ್ನೂ ಸರಣಿ ಉದ್ಯಮಿ ಎಂದು ಯಾರೂ ಕರೆಯಲಿಲ್ಲ. ಸುಸ್ತಿದಾರ ಎಂದು ಕರೆದು ನೋಟಿಸ್ ಕೊಟ್ಟಿದ್ದಾರೆ.

ಇಡೀ ಸಮ್ಮೇಳನದಲ್ಲಿ ನಿಜವಾದ ನೆಟ್‌ವರ್ಕಿಂಗ್ ನಡೆಯುವ ಜಾಗ ಯಾವುದು ಎಂಬುದನ್ನು ಗುಟ್ಟಾಗಿ ಹೇಳುತ್ತೇನೆ: ಚಾರ್ಜಿಂಗ್ ಪಾಯಿಂಟ್. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೊಬೈಲೂ ಸಾಯಲು ಬಿದ್ದಿರುತ್ತದೆ. ಆಗ ಸಂಸ್ಥಾಪಕ, ಹೂಡಿಕೆದಾರ, ವಿದೇಶಿ ಪ್ರತಿನಿಧಿ ಎನ್ನದೆ ಎಲ್ಲರೂ ಗೋಡೆಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಪ್ಲಗ್‌ಗೆ ನಾಲ್ವರು ಕೈ ಚಾಚಿರುತ್ತಾರೆ. ಆ ಭಂಗಿಯಲ್ಲಿ ಮನುಷ್ಯ ಸುಳ್ಳು ಹೇಳುವುದು ಕಡಿಮೆ. ಪಾವಗಡದವರು ಇಲ್ಲಿ ತಲೆ ಎತ್ತಿ ಹೋಗಬೇಕು. ತಿರುಮಣಿ, ವಳ್ಳೂರು, ಬಾಲಸಮುದ್ರದ ಸುತ್ತ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಕರೆಂಟು ಗ್ರಿಡ್‌ಗೇ ಹೋಗುತ್ತದೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟು, ತಮ್ಮದೇ ಹೊಲದ ಬೇಲಿಯ ಹೊರಗೆ ನಿಂತಿರುವ ರೈತರ ಬಿಸಿಲು ಅದು. ಗೋಡೆಯ ಪಕ್ಕ ಕೂತವರಿಗೆ ಇದನ್ನು ಹೇಳಿದೆ. ಒಬ್ಬರು ‘ವಾವ್, ಸಸ್ಟೇನಬಲ್’ ಎಂದರು. ಇನ್ನೊಬ್ಬರು, ನಿಮ್ಮ ಫೋನ್ ಎಷ್ಟು ಆಗಿದೆ, ಆಗಿದ್ದರೆ ಪ್ಲಗ್ ಬಿಡಿ ಎಂದರು.

ಬೆಂಗಳೂರಿನಾಚೆಯ ಊರುಗಳ ಏಳಿಗೆ ಕುರಿತ ಗೋಷ್ಠಿ ಇಂಥಲ್ಲೆಲ್ಲ ಇದ್ದೇ ಇರುತ್ತದೆ. ಸರ್ಕಾರಕ್ಕೆ ‘ಬಿಯಾಂಡ್ ಬೆಂಗಳೂರು’ ಎಂಬ ಕಾರ್ಯಕ್ರಮವೂ ಇದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಅದರ ಮೊದಲ ಕಂತು. ಗೋಷ್ಠಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂರಿ. ಎಸಿ ಚೆನ್ನಾಗಿರುತ್ತದೆ.

ಆ ಆ್ಯಪ್ ಹುಡುಗ ಸಂಜೆಯೊಳಗೆ ಪೋಸ್ಟ್ ಹಾಕಿದ್ದ. ‘ಇವತ್ತು ಒಬ್ಬ ವೃದ್ಧ ರೈತ ನನ್ನ ಕಣ್ಣು ತೆರೆಸಿದರು’ ಎಂದು ಶುರು. ಮೇವು ತಿನ್ನುವ, ನೊಗ ಹೊರದ ಹೋರಿಯ ಮಾತು ಅದರಲ್ಲಿತ್ತು. ಅದರಿಂದ ಅವನು ಕಲಿತ ಮೂರು ಪಾಠಗಳಿದ್ದವು. ಫೋಟೊದಲ್ಲಿ ದೊಡ್ಡಪ್ಪನ ಬೆನ್ನು ಮತ್ತು ಟವೆಲ್ ಇತ್ತು. ಹೆಸರಿರಲಿಲ್ಲ. ಸಾವಿರಗಟ್ಟಲೆ ಲೈಕು. ‘ದಿಸ್ ಈಸ್ ಗೋಲ್ಡ್’ ಎಂದು ಬರೆದವರಲ್ಲಿ ಆ ಪುಣೆಯವರೂ ಇದ್ದರು. ದೊಡ್ಡಪ್ಪನಿಗೆ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು ನೋಡಿ, ‘ದಲ್ಲಾಳಿ ಕಮಿಷನ್ ಎಷ್ಟು ಕೊಡ್ತಾನಂತೆ?’ ಎಂದು ಕೇಳಿದರು. ನಾನು ಅದನ್ನೂ ಇಂಗ್ಲಿಷಿಗೆ ಅನುವಾದಿಸಿ ಕಾಮೆಂಟ್ ಹಾಕಿದೆ. ನಗುವ ಮುಖದ ಚಿತ್ರ ಬಂತು.

ಸಮ್ಮೇಳನದಲ್ಲಿ ‘ಮುಂದಿನ ವಾರ ಕಾಲ್ ಮಾಡೋಣ’ ಎಂದವರು ಮಾಡುವುದಿಲ್ಲ, ಮಾಡಿದರೆ ಇನ್ಶೂರೆನ್ಸಿನವರು. ಇದನ್ನು ತಿಳಿದು ಹೋದರೆ ನಿರಾಶೆಯಿಲ್ಲ.

ಮುಂದಿನ ಟೆಕ್ ಸಮಿಟ್‌ಗೆ ಹೋಗಲು ಬಯಸುವ ನಾಲ್ಕು ತಾಲ್ಲೂಕಿನ ಬಂಧುಗಳಿಗೆ ನನ್ನ ಸಲಹಾ ಸೇವೆ ಲಭ್ಯವಿದೆ. ಶುಲ್ಕವನ್ನು ಟವೆಲ್ ಕೆಳಗೆ ಮಾತಾಡೋಣ. ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹಾಕಿದರೆ ನೋಡುವುದು ತಡವಾಗಬಹುದು. ತುರ್ತಿದ್ದರೆ ಶಿರಾಕ್ಕೆ ಬಂದು ಪಟ್ಟನಾಯಕನಹಳ್ಳಿ ಬಸ್ ಹತ್ತಿ. ಇಳಿದಲ್ಲಿ ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ತೋರಿಸುವ ಮೊದಲು ನೀವು ಯಾರ ಪೈಕಿ ಎಂದು ಕೇಳುತ್ತಾರೆ. ಉತ್ತರ ಸಿದ್ಧ ಮಾಡಿಕೊಂಡೇ ಬನ್ನಿ.